ಮೊದಲ ಈಡು

ನಮ್ಮ ಅತ್ತೆಯವರ ಬಲಗೈ ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ, ಮಾವನವರ ಎಡ ಮೊಣಕೈಯ ಮೇಲೆ ಎಂದು ಯೋಚಿಸದೆ ಹೇಳಿಬಿಡಬಹುದಿತ್ತು. ದೇವಸ್ಥಾನಕ್ಕೆ ಹೋಗಲಿ, ಮದುವೆ ಮನೆಗೆ ಹೋಗಲಿ, ಹಿತ್ತಿಲ ಬಾವಿಯ ತನಕವೇ ಹೋಗಲಿ, ಆ ಕೈ ಅಲ್ಲಿರಬೇಕು. ನಾನು ಆ ಮನೆಗೆ ಸೊಸೆಯಾಗಿ ಹೋದ ಹೊಸತರಲ್ಲಿ ಇದು ನನಗೆ ಸೋಜಿಗವಾಗಿತ್ತು. ನಾನು ಬಯಲುಸೀಮೆಯವಳು. ನಮ್ಮ ಕಡೆ ಹೆಂಗಸರು ಗಂಡನಿಗಿಂತ ನಾಲ್ಕು ಮಾರು ಹಿಂದೆ ನಡೆಯುವುದೇ ಮರ್ಯಾದೆ. ಇಲ್ಲಿ ನೋಡಿದರೆ ಸೊಸೆ ಕಂಡ ಹೆಂಗಸು ಹತ್ತು ಜನರ ಎದುರಿಗೆ ಗಂಡನ ತೋಳು ಹಿಡಿದು ನಡೆಯುತ್ತಾರೆ! ಊರಿನವರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅತ್ತೆಯವರ ಹೆಸರು ದೇವೀರಮ್ಮ. ಕೈಯ ಜೊತೆಗೆ ಅವರ ಬಾಯಿಗೂ ಬಿಡುವಿರಲಿಲ್ಲ. ಗೊಣಗುವುದೇ ಅವರ ಉಸಿರಾಟ. "ಈ ಹೊಸ್ತಿಲು ಎಷ್ಟೆತ್ತರ ಮಾಡ್ಸಿದ್ರೋ ಪುಣ್ಯಾತ್ಮರು, ಕಾಲು ಎತ್ತಿ ಎತ್ತಿ ಸಾಕಾತು." "ಈ ಮೂರು ಮೆಟ್ಲು ಯಾವಾಗ ನೋಡಿದ್ರೂ ಒದ್ದೆ." "ಬಡ್ಕೊಂಡೆ, ಈ ಎಮ್ಮೆ ಕರ ದಾರೀಲಿ ಕಟ್‌ಬೇಡಿ ಅಂತ." ಊಟಕ್ಕೆ ಬಡಿಸುವಾಗಲೂ ಅದೇ ರಾಗ. "ಪಲ್ಯ ಎಡಕ್ಕೆ ಸುರ್ದ್‌ಬಿಟ್ಟೆ, ನನ್ ಕೈಗೆ ಬೆಂಕಿ ಹಾಕ." ಇಷ್ಟು ಗೊಣಗುವ ಹೆಂಗಸಿನ ಜೊತೆ ಮಾವನವರು ಹೇಗೆ ಬಾಳುತ್ತಾರಪ್ಪ ಎಂದು ನನಗೆ ಅಚ್ಚರಿ. ಅವರು ಮಾತ್ರ ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಅತ್ತೆ ಗೊಣಗಿದಷ್ಟೂ ಅವರು ನೆಟ್ಟಗೆ, ನಿಧಾನವಾಗಿ, ಯಜಮಾನನ ಗತ್ತಿನಲ್ಲಿ ನಡೆಯುತ್ತಿದ್ದರು.

ಮಾವ ಹಿರಿಯಣ್ಣಗೌಡರು ಆ ಊರಿಗೇ ದೊಡ್ಡ ಕುಳ. ಊರು ಬೆಟ್ಟದ ಬುಡದಲ್ಲಿತ್ತು. ಘಾಟಿ ಹತ್ತುವ ಗಾಡಿಗಳಿಗೆ ಮುಂದೆ ಕಟ್ಟಲು ಹೆಚ್ಚಿನ ಜೋಡೆತ್ತು ಕೊಡುವುದು ನಮ್ಮ ಮನೆತನದ ಕಸುಬು. ಕೊಟ್ಟಿಗೆಯಲ್ಲಿ ಸಾಲು ಸಾಲು ಎತ್ತು, ಅಂಗಳದಲ್ಲಿ ಗಾಡಿಯವರ ಗದ್ದಲ. ನಮ್ಮವರು, ಅಂದರೆ ನನ್ನ ಗಂಡ, ಎತ್ತುಗಳ ಜೊತೆ ಘಾಟಿ ಹತ್ತಿಳಿಯುವುದರಲ್ಲೇ ಇರುತ್ತಿದ್ದರು. ಮನೆಯ ಒಳಗಿನದೆಲ್ಲ ಮಾವನದು, ಹೊರಗಿನದೆಲ್ಲ ಅವರ ತಮ್ಮ ಕಲ್ಲೇಗೌಡರದು. ಕಲ್ಲೇಗೌಡರು ನನಗೆ ಚಿಕ್ಕಮಾವ. ನಗುಮುಖದ ಮನುಷ್ಯ, ಯಾರನ್ನಾದರೂ ಕೆಣಕದೆ ಅನ್ನ ಇಳಿಯದು. ಅವರ ಹೆಂಡತಿ ಚೆಲುವಮ್ಮನನ್ನು ನಾನು ಚಿಕ್ಕತ್ತೆ ಎನ್ನುತ್ತಿದ್ದೆ. ಅಡುಗೆ ಮನೆಯಲ್ಲಿ ನನ್ನ ಕಣ್ಣೀರು ಒರೆಸಿದವರು ಅವರು.

ಆ ಮನೆಯಲ್ಲಿ ವರ್ಷಕ್ಕೊಮ್ಮೆ, ಚಳಿ ಬಲಿತ ಮೇಲೆ, ಕಡವೆ ಬೇಟೆಗೆ ಹೋಗುವ ಪದ್ಧತಿ. ಆಗ ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಗಂಡಸರಷ್ಟೇ ಅಲ್ಲ, ಮನೆಮಂದಿಯೆಲ್ಲ ಹೊರಡಬೇಕು. ಬೆಳಿಗ್ಗೆ ಹೋಗಿ, ಮಧ್ಯಾಹ್ನ ಹಳ್ಳದ ಬದಿಯಲ್ಲಿ ಉಂಡು, ಹೊತ್ತು ಮುಳುಗುವಷ್ಟರಲ್ಲಿ ಇಳಿದು ಬರುವುದು. ಬೇಟೆಗಾರ ಕಾದು ಕೂರುವ ಜಾಗಕ್ಕೆ ಅವರು ಬಿಲ್ಲು ಎನ್ನುತ್ತಿದ್ದರು. ಕೆಳಗಿನ ಕಾಡಿನಿಂದ ಕೂಗು ಹಾಕಿ ಪ್ರಾಣಿಯನ್ನು ಬಿಲ್ಲಿನ ಕಡೆ ಅಟ್ಟುವುದಕ್ಕೆ ಸೋವು. ಕೋವಿಯ ಹೊಡೆತ ಎಂದರೆ ಈಡು. ಮೊದಲ ಈಡು ಯಜಮಾನನದು. ಅವನು ಹೊಡೆಯುವ ತನಕ ಬೇರೆ ಯಾರ ಕೋವಿಯೂ ಉಸಿರೆತ್ತಕೂಡದು. ಎದುರಿಗೆ ಬಂದ ಕೋಡಿನ ಕಡವೆಯನ್ನು ಯಜಮಾನ ಹೊಡೆಯದೆ ಬಿಟ್ಟನೋ, ಕೋವಿಯನ್ನೂ ಮನೆಯ ಬೀಗದ ಕೈಯನ್ನೂ ಅವತ್ತೇ ತಮ್ಮನಿಗೋ ಮಗನಿಗೋ ಒಪ್ಪಿಸಿ ಜಗುಲಿಗೆ ಬಂದು ಕೂರಬೇಕು. ಇದರಲ್ಲಿ ಎರಡು ಮಾತಿಲ್ಲ.

ಜಗುಲಿಗೆ ಕೂತವರ ಪಾಡು ನಾನು ಕೇಳಿ ಬಲ್ಲೆ. ಮಾವನವರ ತಂದೆ ಹಾಗೆ ಕೂತವರು. ಬೀಗದ ಕೈ ಕೊಟ್ಟ ದಿನದಿಂದ ಮನೆಯವರು ಅವರೆದುರಿಗೇ ಅವರ ವಿಷಯವನ್ನು, ಸತ್ತವರ ವಿಷಯ ಆಡುವ ಹಾಗೆ ಆಡುತ್ತಿದ್ದರಂತೆ. ಅಪ್ಪನಿಗೆ ಇಷ್ಟು ಗಂಜಿ ಇಡಿ, ಅಪ್ಪನನ್ನು ಬಿಸಿಲಿಗೆ ಸರಿಸಿ. ಅವರು ಸಾಯುವಾಗ ಮಾವನವರ ಕೈ ಹಿಡಿದು, "ಕೋವಿ ಕೊಟ್ಟ ದಿನವೇ ನೀನು ನನ್ನ ಹೊತ್ತು ಹಾಕಿದೆ, ಈಗ ಹೊರೋದು ಬರೀ ಕಟ್ಟಿಗೆ" ಎಂದರಂತೆ. ಈ ಮಾತನ್ನು ಅತ್ತೆಯವರೇ ನನಗೆ ಅಕ್ಕಿ ಆರಿಸುವಾಗ ಹೇಳಿದ್ದು. ಆಗ ಮಾತ್ರ ಗೊಣಗಲಿಲ್ಲ. ಅದು ನೆನಪಿದೆ.

ನಾನು ಆ ಮನೆ ಸೇರಿದ ವರ್ಷದ ಬೇಟೆಗೆ ನನಗೂ ಒಂದು ಕೆಲಸವಿತ್ತು. ಹೊಸ ಸೊಸೆ ಯಜಮಾನನ ಬಿಲ್ಲಿನಲ್ಲೇ ಹಿಂದೆ ಕೂತು, ಮೊದಲ ಈಡಿಗೆ ಬಿದ್ದ ಪ್ರಾಣಿಯ ಹಣೆಗೆ ಕುಂಕುಮ ಇಡಬೇಕು. ಕಾಡಿನ ಜೀವ ತೆಗೆದದ್ದಕ್ಕೆ ಮನೆಯ ಹೆಣ್ಣು ತಪ್ಪೊಪ್ಪಿಗೆ ಮಾಡುವುದು ಅಂತ ಅದರ ಅರ್ಥವಂತೆ. ಕೊಂದವರು ಗಂಡಸರು, ತಪ್ಪು ಒಪ್ಪುವವಳು ಮಾತ್ರ ನಾನು. ಇದೆಂಥ ನ್ಯಾಯವೋ ಎಂದುಕೊಂಡೆ. ಬಾಯಿಬಿಟ್ಟು ಹೇಳುವಷ್ಟು ಹಳಬಳಾಗಿರಲಿಲ್ಲ.

ನಾವು ಹೊರಟಾಗ ಬೆಳಕು ಆಗಷ್ಟೇ ಹರಿದಿತ್ತು. ನನ್ನ ಜನ್ಮದಲ್ಲಿ ಅಂಥ ಚೆಲುವು ಕಂಡಿರಲಿಲ್ಲ ಬಿಡಿ. ಮೇಲೆ ಹೋದ ಹಾಗೆಲ್ಲ ಮರಗಳು ಹಿಂದುಳಿದು, ಬೋಳು ಹುಲ್ಲಿನ ಬೆಟ್ಟಗಳು ಒಂದರ ಹಿಂದೊಂದು ಎದ್ದು ನಿಂತವು. ಎರಡು ಬೆಟ್ಟ ಕೂಡುವ ಮಡಿಲುಗಳಲ್ಲಿ ಮಾತ್ರ ಕಪ್ಪು ಕಾಡು. ನಮ್ಮ ಊರು ಮಂಜಿನ ಅಡಿಯಲ್ಲಿ ಮುಳುಗಿಹೋಗಿ, ದೇವಸ್ಥಾನದ ಕಳಸ ಒಂದು ಹೊಳೆಯುತ್ತಿತ್ತು. ಇಬ್ಬನಿಗೆ ನನ್ನ ಸೀರೆಯ ಅಂಚು ತೊಯ್ದು ಕಾಲಿಗೆ ಅಂಟುತ್ತಿತ್ತು. ಮುಂದೆ ಮಾವ, ಅವರ ಎಡಕ್ಕೆ ಅತ್ತೆ. "ಇಲ್ಲೊಂದು ಕಲ್ಲು, ಯಾವ ಹಾಳಾದೋನು ಉಳ್ಸಿ ಹೋದ್ನೋ. ಅಯ್ಯೋ, ಈ ಇಳಿಜಾರು ನೋಡಿ, ಮಂಡಿ ಮುರೀತದೆ." ಹಿಂದಿನಿಂದ ಚಿಕ್ಕಮಾವ ಕೂಗಿದರು. "ಅತ್ತಿಗೆಮ್ಮ, ನೀವಿಷ್ಟು ಗೊಣಗಿದ್ರೆ ಕಡವೆಗಳು ಆಚೆ ಸೀಮೆಗೆ ಗುಳೆ ಹೋಗ್ತವೆ!" ಎಲ್ಲರೂ ನಕ್ಕರು. ಮಾವ ಕೂಡ ನಕ್ಕರು.

ಹಳ್ಳದ ಬದಿಯಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ಚಿಕ್ಕಮಾವ ತಮ್ಮ ಬಿಳಿಯ ಪೇಟ ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡು, ನನ್ನ ಕಡೆ ತಿರುಗಿ ಕತೆ ಶುರು ಮಾಡಿದರು.

"ಕೇಳು ಮಗಾ, ನಿಮ್ಮ ಮಾವ ಯಜಮಾನ ಆದದ್ದು ಹೇಗೆ ಗೊತ್ತಾ? ನಮ್ಮಪ್ಪನ ಕಣ್ಣು ಮಂಜಾಗಿತ್ತು. ಅಪ್ಪ ಒಪ್ಪಬೇಕಲ್ಲ? ಇದೇ ಬೆಟ್ಟ, ಇದೇ ಬಿಲ್ಲು. ಅಣ್ಣಯ್ಯ ಸೀದಾ ಹೋಗಿ ಅಪ್ಪನ ಕೋವಿ ಎದುರಿಗೆ ನಿಂತು ಪೇಟ ಬೀಸಿದ. ಹಿಂಗೆ, ಹಿಂಗೆ. ಅಪ್ಪ ಪಿಟ್ ಅನ್ಲಿಲ್ಲ. 'ಕಡವೆ ಬಂತೇನ್ರೋ' ಅಂತ ಕೇಳ್ದ. ಕತೆ ಮುಗೀತು."

"ಗುಂಡು ಹಾರಿಬಿಟ್ಟಿದ್ದರೆ?" ಎಂದೆ ನಾನು.

"ಹೆಂಗೆ ಹಾರ್ತದೆ? ಕಾಣ್ದೇ ಇದ್ದೋನು ಯಾತಕ್ಕೆ ಹೊಡೀತಾನೆ? ಅಲ್ದೆ ಅಣ್ಣಯ್ಯ ಘಾಟಿ ಮನುಷ್ಯ, ಹಿಂದಿನ ದಿನವೇ ತೋಟಾ ತೆಗೆದಿಟ್ಟಿದ್ದ." ಚಿಕ್ಕಮಾವ ಅಣ್ಣನ ಮುಖವನ್ನೇ ನೋಡುತ್ತ ಹೇಳಿದರು. "ಏನಣ್ಣಯ್ಯ, ಹೌದಾ ಅಲ್ವಾ? ನಿನ್ನ ಕಣ್ಣು ಹೆಂಗಿದೆ ಈಗ?"

ನಗು ನಿಂತಿತು. ಮಾವ ರೊಟ್ಟಿ ಮುರಿಯುತ್ತಾ, "ನಿನ್ನ ಮೀಸೇಲಿ ಬಿಳೀ ಕೂದ್ಲು ಎಷ್ಟಿವೆ ಹೇಳ್ಲೇನೋ ಕಲ್ಲ?" ಎಂದರು. ಎಲ್ಲರೂ ಹೋ ಎಂದು ನಕ್ಕರು. ಅತ್ತೆಯವರ ಕೈಯಲ್ಲಿದ್ದ ನೀರಿನ ಚೆಂಬು ಮಾತ್ರ ತುಳುಕಿತು. ಚಳಿಗೆ ಕೈ ನಡುಗಿದೆ ಎಂದುಕೊಂಡೆ. ಎಂಥ ಪೆದ್ದಿ ನಾನು!

ಬೇಟೆಯವರು ಚದುರಿದರು. ಸೋವಿನವರು, ನಾಯಿಗಳು, ನಮ್ಮವರು ಕೆಳಗಿನ ಕಾಡಿಗೆ ಇಳಿದರು. ಚಿಕ್ಕಮಾವ ತಮ್ಮ ಹಳೆಯ ಕೇಪಿನ ಕೋವಿ ಹೆಗಲಿಗೇರಿಸಿ ಮೇಲಿನ ಬಿಲ್ಲಿಗೆ ಹೋದರು. ಕೊಂಬು ಊದುವ ತನಕ ಯಾರೂ ಕೂತ ಜಾಗ ಬಿಟ್ಟು ಏಳಬಾರದು, ಅದು ಕಟ್ಟಳೆ. ಚಿಕ್ಕತ್ತೆ ಮತ್ತು ಉಳಿದ ಹೆಂಗಸರು ಹಳ್ಳದ ಬದಿಯಲ್ಲಿ ಒಲೆ ಹೂಡಿದರು. ನಾನು ಕುಂಕುಮದ ಭರಣಿ ಹಿಡಿದು ಅತ್ತೆಮಾವಂದಿರ ಹಿಂದೆ ಹೋದೆ.

ನಮ್ಮ ಬಿಲ್ಲು ಒಂದು ಬಂಡೆಯ ಮರೆ. ಎದುರಿಗೆ ಕಾಡಿನ ಅಂಚು, ಕಾಡಿಗೂ ನಮಗೂ ನಡುವೆ ಒಂದು ಅಂಗಳದಷ್ಟು ಅಗಲದ ಹುಲ್ಲಿನ ಕಂಡಿ. ಅಟ್ಟಿದ ಪ್ರಾಣಿ ಆ ಕಂಡಿ ದಾಟಿಯೇ ಹೋಗಬೇಕು. ಮಾವ ಬಂಡೆಗೆ ಒರಗಿ ಕೂತು, ಜೋಡಿನಳಿಗೆಯ ಕೋವಿಯನ್ನು ಮಂಡಿಯ ಮೇಲೆ ಮಲಗಿಸಿದರು. ಅತ್ತೆ ಎಡಕ್ಕೆ ಕೂತು ಬಲಗೈಯನ್ನು ಅವರ ಮೊಣಕೈಗೆ ಕೊಟ್ಟರು. ನನ್ನ ಕಡೆ ತಿರುಗಿ, "ಇಲ್ಲಿ ಉಸಿರು ಬಿಟ್ರೂ ಕೇಳ್ತದೆ. ಬಾಯಿ ಅನ್ನೋದು ಮರ್ತ್‌ಬಿಡು" ಎಂದು ಪಿಸುಗುಟ್ಟಿದರು. ಈಡು ಹಾರುವ ತನಕ ಅವರ ಬಾಯಿಂದ ಬಂದ ಕೊನೆಯ ಸದ್ದು ಅದು. ಅಷ್ಟು ಗೊಣಗುವ ಹೆಂಗಸು ಅಲ್ಲಿ ಕೂತ ಕ್ಷಣದಿಂದ ಕಲ್ಲಾದರು.

ಕೆಳಗೆ ಸೋವು ಎದ್ದಿತು. ಹೋ ಹೋ ಎಂಬ ಕೂಗು, ತಗಡು ಬಡಿಯುವ ಸದ್ದು, ನಾಯಿಗಳ ಬೊಗಳು. ಎಲ್ಲೋ ಒಂದು ಕಡವೆ ಬೆದರಿ ಕೂಗಿತು. ಅಷ್ಟರಲ್ಲಿ ಕಾಡಿನ ಅಂಚು ಅಲುಗಿ, ಒಂದು ಹೆಣ್ಣು ಕಡವೆ ಬಯಲಿಗೆ ಬಂದು ನಿಂತಿತು. ಹಸುವಿಗಿಂತ ಎತ್ತರ. ಒದ್ದೆ ಮೂಗು, ತಿರುಗುವ ಕಿವಿ, ಎಲ್ಲ ಕಾಣುವಷ್ಟು ಹತ್ತಿರ. ಹೆಣ್ಣನ್ನು ಹೊಡೆಯಬಾರದು, ಅದೂ ಕಟ್ಟಳೆಯೇ. ಅದು ನಮ್ಮನ್ನು ಕಾಣದೆ ನಿಧಾನವಾಗಿ, ನಮ್ಮ ಕಣ್ಣೆದುರೇ, ಆ ಕಂಡಿಯನ್ನು ದಾಟಿ ಹೋಯಿತು. ಆಗ ಮಾವ ತುಟಿ ಅಲುಗಿಸದಂತೆ ಕೇಳಿದರು.

"ಹೆಣ್ಣಾ?"

ಅತ್ತೆ ಬೆರಳಿನಿಂದ ಅವರ ಮೊಣಕೈಯನ್ನು ಒಮ್ಮೆ ತಟ್ಟಿದರು. ಹೌದು ಎಂಬ ಅರ್ಥ.

ನನಗೆ ಮೊದಲು ಏನೂ ತಿಳಿಯಲಿಲ್ಲ. ಅಷ್ಟು ಹತ್ತಿರ ಹಾದುಹೋದದ್ದು ಹೆಣ್ಣೋ ಗಂಡೋ ಎಂದು ಯಾಕೆ ಕೇಳಬೇಕು? ಕೋಡಿಲ್ಲದ್ದು ಕಣ್ಣಿಗೆ ಕಾಣುವುದಿಲ್ಲವೇ? ಆಮೇಲೆ ಒಂದೊಂದಾಗಿ ಎಲ್ಲವೂ ನನ್ನ ತಲೆಯಲ್ಲಿ ಕೂಡಿಕೊಂಡವು. ಎತ್ತರದ ಹೊಸ್ತಿಲು. ಒದ್ದೆ ಮೆಟ್ಟಿಲು. ಎಡಕ್ಕೆ ಸುರಿದ ಪಲ್ಯ. ದಾರಿಯ ಕಲ್ಲು. ಅತ್ತೆ ಗೊಣಗುತ್ತಿರಲಿಲ್ಲ, ದಾರಿ ಹೇಳುತ್ತಿದ್ದರು. ಊರೆಲ್ಲ ನಕ್ಕ ಆ ಕೈ ಮಾವನವರ ಕಣ್ಣಾಗಿತ್ತು. ಈ ಕೋವಿಯ ಕಣ್ಣೂ ಅದೇ. ಜಗುಲಿಗೆ ಕೂರುವ ಗಂಡನನ್ನು ನೋಡಲಾರದೆ, ಈ ಹೆಂಗಸು ಪ್ರತಿ ವರ್ಷ ಇಲ್ಲಿ ಬಂದು ಕೂತು ಅವರ ಕೈಯಿಂದ ಗುರಿ ಹೊಡೆಸುತ್ತಿದ್ದಾರೆ! ನನಗೆ ಅಳು ಬಂತು. ಭಯವೂ ಆಯಿತು. ಅತ್ತೆ ನನ್ನ ಕಡೆ ಒಮ್ಮೆ ನೋಡಿದರು. ನನಗೆ ಗೊತ್ತಾಯಿತು ಎಂದು ಅವರಿಗೂ ಗೊತ್ತಾಯಿತು. ತುಟಿಯ ಮೇಲೆ ಬೆರಳಿಟ್ಟರು.

ಸೋವು ಹತ್ತಿರವಾಯಿತು. ಕಾಡಿನೊಳಗೆ ಕೋಡಿಗೆ ಕೊಂಬೆ ತಗುಲಿ ಮುರಿಯುವ ಲಟಲಟ ಸದ್ದು. ದೊಡ್ಡ ಗಂಡು ಬರುತ್ತಿದೆ ಎಂದು ನನ್ನಂಥವಳಿಗೂ ತಿಳಿಯುವ ಸದ್ದು. ಅತ್ತೆ ಮೊಣಕೈಯನ್ನು ಮೆಲ್ಲಗೆ ಎತ್ತಿದರು, ಕೋವಿ ಎದ್ದಿತು. ಕೊಂಚ ಬಲಕ್ಕೆ ಒತ್ತಿದರು, ನಳಿಗೆ ಬಲಕ್ಕೆ ಸರಿಯಿತು. ಅಲ್ಲಿ ಕಾಡಿನ ಅಂಚಿನ ಪೊದೆ ಅಲುಗುತ್ತಿತ್ತು. ಅತ್ತೆ ಅಲ್ಲಿಗೆ ತಡೆದರು. ಕೋಡು ಕಾಣಲಿ ಎಂದು ಕಾದರು. ಇನ್ನು ಒಂದು ಸಲ ಅವುಕಿದರೆ ಈಡು ಹಾರುತ್ತದೆ ಎಂದು ಯಾರೂ ಹೇಳದೆ ನನಗೆ ಗೊತ್ತಿತ್ತು.

ಪೊದೆ ಸರಿದು ಚಿಕ್ಕಮಾವ ಹೊರಗೆ ಬಂದರು.

ಬರಿದಲೆ. ಕೈಯಲ್ಲಿ ಪೇಟ. ಮುಖದ ತುಂಬ ತುಂಟ ನಗು. ನಮ್ಮಿಬ್ಬರಿಗೂ ಸುಮ್ಮನಿರಿ ಎಂದು ಬೆರಳಿನಲ್ಲಿ ಸನ್ನೆ ಮಾಡಿ, ಕೋವಿಯ ಬಾಯಿಗೆ ನೇರವಾಗಿ ನಿಂತು, ಪೇಟವನ್ನು ಮೇಲೆತ್ತಿ ಬೀಸಿದರು. ಹಿಂಗೆ, ಹಿಂಗೆ. ಅಣ್ಣ ಅಪ್ಪನಿಗೆ ಮಾಡಿದ್ದನ್ನೇ ತಮ್ಮ ಅಣ್ಣನಿಗೆ ಮಾಡಲು ಬಂದಿದ್ದರು. ಕಾಣದವನು ಯಾತಕ್ಕೆ ಹೊಡೆಯುತ್ತಾನೆ ಎಂಬುದು ಅವರ ಧೈರ್ಯ. ಆ ಕೈಯ ವಿಷಯ ಅವರಿಗೆಲ್ಲಿ ಗೊತ್ತು!

ಅತ್ತೆಯ ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಆ ಬಂಡೆಯ ಮರೆಯಲ್ಲಿ ವರ್ಷ ವರ್ಷ ಗಂಟಲು ಕಟ್ಟಿಕೊಂಡು ಕೂತವರಿಗೆ ಆ ಒಂದು ಕ್ಷಣ ಗಂಟಲು ಬಿಚ್ಚಲಿಲ್ಲ. ಕೈ ಮುಂದಾಯಿತು. ಬೇಡ, ನಿಲ್ಲಿ ಎಂದು ಯಾರನ್ನಾದರೂ ಹಿಡಿದೆಳೆಯುವಾಗ ಹಿಡಿಯುತ್ತೇವಲ್ಲ, ಹಾಗೆ, ಇದ್ದಬದ್ದ ಬಲದಿಂದ, ಗಂಡನ ಮೊಣಕೈಯನ್ನು ಹಿಡಿದರು. ನೀವಾಗಿದ್ದರೂ ಹಾಗೆಯೇ ಹಿಡಿಯುತ್ತಿದ್ದಿರಿ. ನಾನೂ ಹಿಡಿಯುತ್ತಿದ್ದೆ.

ಈಡು ಹಾರಿತು.

"ಬೇಡಾ!" ಎಂಬ ಅತ್ತೆಯ ಕೂಗು ಅದರ ಹಿಂದೆ ಬಂತು. ಬೆಟ್ಟಗಳು ಎರಡನ್ನೂ ಒಟ್ಟಿಗೆ ಮರುನುಡಿದವು. ಹೊಗೆ ಕರಗುವಾಗ ಚಿಕ್ಕಮಾವ ಹುಲ್ಲಿನ ಮೇಲೆ ಕೂತ ಹಾಗೆ ಕುಸಿದಿದ್ದರು. ಆಮೇಲೆ ಒಂದು ಮಗ್ಗುಲಿಗೆ ಒರಗಿದರು. ಅದೇ ಹೊತ್ತಿಗೆ ಕೋಡಿನ ಕಡವೆ ಆಚೆ ಕಡೆಯಿಂದ ನುಗ್ಗಿ ಬೆಟ್ಟವೇರಿ ಹೋಯಿತಂತೆ. ನಾನು ನೋಡಲಿಲ್ಲ.

ಕಿವಿಗೆ ಕೋವಿಯ ಸದ್ದು ತುಂಬಿದ್ದ ಮಾವನಿಗೆ ಆ ಕೂಗು ಕೇಳಿಸಿದಂತಿರಲಿಲ್ಲ. "ಬಿತ್ತಾ, ದೇವೀರಿ?" ಎಂದು ಕೇಳಿದರು. ಬಿದ್ದ ಸದ್ದು ಅವರಿಗೆ ಗೊತ್ತಾಗಿತ್ತು. ಮುಖದಲ್ಲಿ ನೆಮ್ಮದಿಯಿತ್ತು. ನಾನಿದ್ದ ಕಡೆ ತಿರುಗಿ ಹೇಳಿದರು. "ಏಳು ಮಗಾ. ಕುಂಕುಮ ಇಟ್ಟು ಬಾ."

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಕೈಯಲ್ಲಿದ್ದ ಭರಣಿ ಬಂಡೆಗೆ ಬಿದ್ದು ಉರುಳಿತು. ನಾನು ಓಡಿಹೋಗಿ ಚಿಕ್ಕಮಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಗುಂಡು ಎದೆಗೇ ಕೂತಿತ್ತು. ಅವರ ಕಣ್ಣಿನಲ್ಲಿ ನೋವಿಗಿಂತ ಹೆಚ್ಚಾಗಿ ಅಚ್ಚರಿ. "ಅಣ್ಣಯ್ಯಂಗೆ ಕಾಣ್ತದಲ್ಲೇ ಮಗಾ..." ಎಂದರು. ಅಲ್ಲ ಚಿಕ್ಕಮಾವ ಎನ್ನುವಷ್ಟರಲ್ಲಿ ಉಸಿರು ನಿಂತಿತ್ತು.

ನಮ್ಮವರು, ಸೋವಿನವರು ಓಡಿ ಬಂದರು. ಕಂಬಳಿಯ ಜೋಲಿ ಕಟ್ಟಿ ಹಳ್ಳದ ಬದಿಗೆ ಇಳಿಸಿದರು. ಅಡುಗೆ ಹೊಗೆಯಾಡುತ್ತಿತ್ತು. ಚಿಕ್ಕತ್ತೆ ಕೈಗೆ ಮೆತ್ತಿದ್ದ ಹಿಟ್ಟಿನೊಂದಿಗೇ ಎದ್ದು ಬಂದರು. ಅವರು ಅತ್ತದ್ದನ್ನು ನಾನು ಹೇಳಲಾರೆ. ಹೊತ್ತು ಇಳಿಯುವ ತನಕ ಅತ್ತರು. ಆಮೇಲೆ ಕಣ್ಣು ಒರೆಸಿಕೊಂಡು ಎದ್ದು, ಮಾವನವರ ಎದುರಿಗೆ ನಿಂತರು. ಮಾವ ಒಂದು ಕಲ್ಲಿನ ಮೇಲೆ ಕೂತಿದ್ದರು. ಹೊಡೆದದ್ದು ಯಾರನ್ನು ಎಂದು ಅಷ್ಟರಲ್ಲಿ ಅವರಿಗೆ ತಿಳಿದಿತ್ತು. ಹೇಗೆ ತಿಳಿಯಿತೋ, ಅತ್ತೆ ಏನು ಹೇಳಿದರೋ ನಾನು ಕೇಳಲಿಲ್ಲ. ಆ ಮುಖದಲ್ಲಿ ಜೀವವಿರಲಿಲ್ಲ.

"ಕಂಡೇ ಹೊಡ್ದಿದ್ದು ಇವ್ರು," ಎಂದರು ಚಿಕ್ಕತ್ತೆ. "ಅಣ್ಣಯ್ಯನ ಕಣ್ಣು ಹೋಗ್ಯದೆ, ಇವತ್ತು ಕೋವಿ ಬಿಡಿಸ್ತೀನಿ ಅಂತ ನಮ್ಮನೆಯೋರು ಬೆಳಿಗ್ಗೆ ನನ್ನ ಹತ್ರ ಹೇಳಿದ್ರು. ಕಣ್ಣಿಲ್ದೋರು ಹಿಂಗೆ ಎದೆ ನೋಡಿ ಹೊಡೀತಾರಾ? ಬೀಗದ ಕೈ ಹೋಗ್ತದೆ ಅಂತ ಒಡಹುಟ್ಟಿದೋನ್ನ ಹೊಡ್ದು ಹಾಕಿದ್ರು!"

ಅವರ ಮಾತಿನಲ್ಲಿ ತೂಕವಿತ್ತು. ಹಿರಿಯಣ್ಣಗೌಡರ ಈಡು ತಪ್ಪಿದ್ದನ್ನು ಆ ಸೀಮೆಯಲ್ಲಿ ಕಂಡವರಿರಲಿಲ್ಲ. ಬೆಳಗಿನ ಮೀಸೆಯ ಮಾತನ್ನು ಎಲ್ಲರೂ ಕೇಳಿದ್ದರು. ನಮ್ಮ ದಾಯಾದಿಗಳಲ್ಲಿ ಎಲ್ಲರಿಗಿಂತ ಹಿರಿಯರು, ಮೂಡಲಮನೆಯ ಅಜ್ಜ, ಕೋಲೂರಿಕೊಂಡು ಮುಂದೆ ಬಂದರು.

"ಹಿರಿಯಣ್ಣ, ಊರಿಗೆ ಇಳಿಯೋ ಮುಂಚೆ ಮನೆಯೋರಿಗೆ ಹೇಳು. ತಮ್ಮ ಎದುರಿಗೆ ನಿಂತದ್ದು ನಿಂಗೆ ಕಂಡಿತ್ತೋ, ಇಲ್ವೋ?"

ಇಲ್ಲ ಎಂದುಬಿಟ್ಟರೆ ಸಾಕಿತ್ತು. ಆದರೆ ಕಾಣಲಿಲ್ಲ ಎಂದರೆ ಮುಂದಿನ ಮಾತು, ಕಾಣದ ನಿನಗೆ ಹೊಡಿ ಎಂದವರು ಯಾರು? ಮಾವ ಅದನ್ನೆಲ್ಲ ಯೋಚಿಸಿಯೇ ಕೂತಿದ್ದರು ಎಂದು ಕಾಣುತ್ತದೆ. ತಲೆಯೆತ್ತಿ ಹೇಳಿದರು.

"ಕಂಡಿತ್ತು."

"ಅಪ್ಪಾ!" ಎಂದು ನಮ್ಮವರು ಕೂಗಿದರು.

"ಕಂಡಿತ್ತು ಅಂದ್ನಲ್ಲ. ಕಂಡೇ ಹೊಡ್ದೆ. ಏನು ಮಾಡ್ಕೊಳ್ತೀರೋ ಮಾಡ್ಕೊಳ್ಳಿ."

ಚಿಕ್ಕತ್ತೆ ಮಣ್ಣು ತೆಗೆದು ಅವರ ಮೇಲೆ ಎಸೆದರು. ಗಂಡಸರ ಮುಖ ಕಲ್ಲಾಯಿತು. ನಮ್ಮವರು ಅಪ್ಪನಿಂದ ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ನೋಡಿದೆ. ನಾನು ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಎದ್ದರು. ಜೋಲಿಯ ಹತ್ತಿರ ಹೋಗಿ, ರಕ್ತ ಮೆತ್ತಿದ ಆ ಪೇಟವನ್ನು ತೆಗೆದುಕೊಂಡು, ಗಂಡನ ಎದುರಿಗೆ ಬಂದು ನಿಂತರು. ಮುಖಕ್ಕೆ ಒಂದು ಗೇಣು ದೂರದಲ್ಲಿ ಅದನ್ನು ಎತ್ತಿ ಹಿಡಿದರು.

"ನನ್ ಕೈಲಿ ಎಂತ ಇದೆ, ಹೇಳಿ."

"ದೇವೀರಿ, ಸುಮ್ನಿರು."

"ಎಂತ ಇದೆ ಹೇಳಿ ಅಂದೆ."

"ಬೇಡ ಕಣೇ. ನಿನ್ನ ದಮ್ಮಯ್ಯ ಅಂತೀನಿ." ಅಂಥ ಗಟ್ಟಿ ಮನುಷ್ಯ ಹೆಂಡತಿಗೆ ದಮ್ಮಯ್ಯ ಗುಡ್ಡೆ ಹಾಕಿದ್ದನ್ನು ಜನ ಮೊದಲ ಸಲ ಕೇಳಿದ್ದು.

"ತಮ್ಮನ್ನ ಕಂಡು ಹೊಡ್ದೋರಿಗೆ ಇದು ಕಾಣಲ್ವಾ? ಹೇಳಿ."

ಮಾವನವರ ಅಗಲವಾಗಿ ತೆರೆದ ಕಣ್ಣು ಆ ಕೆಂಪು ಬಟ್ಟೆಯನ್ನು ಹಾಯ್ದು ಎಲ್ಲೋ ನೋಡುತ್ತಿತ್ತು. ಅವರು ಮೂಗಿನಿಂದ ಉಸಿರೆಳೆದುಕೊಂಡರು. ವಾಸನೆ ಹಿಡಿಯಲು ನೋಡಿದರೋ ಏನೋ. ಕೊನೆಗೆ ಸೋತ ದನಿಯಲ್ಲಿ ಹೇಳಿದರು.

"ಕೋವಿ."

ಯಾರೋ ಅಯ್ಯೋ ಎಂದರು. ಮೂಡಲಮನೆಯ ಅಜ್ಜನ ಕೋಲು ಕೈಜಾರಿತು. ಅತ್ತೆ ಜನರ ಕಡೆ ತಿರುಗಿದರು. ಅವರ ದನಿ ನಡುಗಲಿಲ್ಲ.

"ಮೂರು ವರ್ಷದಿಂದ ಇವ್ರಿಗೆ ಏನೂ ಕಾಣಲ್ಲ. ಗುರಿ ಇಟ್ಟಿದ್ದು ನಾನು. ಮೊಣಕೈ ಅವುಕಿದ್ರೆ ಹೊಡೀರಿ ಅಂತ ನಮ್ಮ ಸನ್ನೆ. ಇವತ್ತು ಕಲ್ಲಣ್ಣನ್ನ ಕಂಡು ಬೇಡ ಅಂತ ಹಿಡ್ಕೊಂಡೆ. ಇವ್ರು ಹೊಡಿ ಅಂದ್ಲು ಅಂತ ತಿಳ್ಕೊಂಡ್ರು. ಕೊಂದಿದ್ದು ಇವ್ರಲ್ಲ. ಈ ಕೈ."

ಬಲಗೈ ಎತ್ತಿ ಎಲ್ಲರಿಗೂ ತೋರಿಸಿದರು. "ಹೌದು, ನಾನು ನೋಡಿದೆ. ಎದುರಿಗೆ ಹೋದ ಹೆಣ್ಣು ಕಡವೆಯೂ ಮಾವನಿಗೆ ಕಾಣಲಿಲ್ಲ," ಎಂದು ನಾನು ಅಳುತ್ತ ಹೇಳಿದೆ. ನಮ್ಮವರು ಅಪ್ಪನ ಕಾಲ ಬಳಿ ಕುಸಿದು ಕೂತರು. ಮೂರು ವರ್ಷ ಒಂದೇ ಸೂರಿನಡಿ ಇದ್ದೂ ತಿಳಿಯಲಿಲ್ಲವಲ್ಲ ಎಂದು ಹಣೆ ಹಣೆ ಬಡಿದುಕೊಂಡರು.

ಚಿಕ್ಕತ್ತೆ ನಿಧಾನವಾಗಿ ಬಂದು ಅತ್ತೆಯ ಕೈಯಿಂದ ಪೇಟ ತೆಗೆದುಕೊಂಡರು. ಹೊಡೆಯುತ್ತಾರೇನೋ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಒಂದು ಮಾತು ನಮಗೆ ಹೇಳ್‌ಬಾರ್ದಿತ್ತಾ ಅಕ್ಕ?" ಎಂದರು. "ಅಣ್ಣಯ್ಯ ಎಲ್ಲಾದ್ರೂ ಎಡವಿ ಬಿದ್ದು ಸಾಯ್ತಾನೆ ಅಂತ ಇವ್ರಿಗೆ ನಿದ್ದೆ ಬರ್ತಿರ್ಲಿಲ್ಲ. ಬೀಗದ ಕೈ ಆಸೆ ಇರ್ಲಿಲ್ಲ ಅಂತ ಹೇಳಲ್ಲ, ಅದೂ ಇತ್ತು. ಆದ್ರೆ ಅಪ್ಪನ್ನ ಜಗುಲಿಗೆ ಕೂರ್ಸಿದ ಹಾಗೆ ಇವ್ರು ಅಣ್ಣನ್ನ ಕೂರುಸ್ತಿರ್ಲಿಲ್ಲ. ಕೈ ಹಿಡ್ದು ನಡುಸ್ತಿದ್ರು."

ಅತ್ತೆಗೆ ಅಲ್ಲಿಯ ತನಕ ಬಾರದಿದ್ದ ಅಳು ಆಗ ಬಂತು.

ನಾವು ಇಳಿಯುವಾಗ ಬಿಸಿಲು ಹುಲ್ಲಿನ ನೆತ್ತಿಯಿಂದ ಜಾರುತ್ತಿತ್ತು. ಬೆಳಿಗ್ಗೆ ಕಂಡ ಚೆಲುವೆಲ್ಲ ಹಾಗೇ ಇತ್ತು, ಒಂದು ಎಳೆಯೂ ಕಡಿಮೆಯಾಗಿರಲಿಲ್ಲ. ನನಗೆ ಆ ಬೆಟ್ಟದ ಮೇಲೆ ಕೋಪ ಬಂತು. ಮುಂದೆ ಜೋಲಿ, ಹಿಂದೆ ನಮ್ಮವರ ಹೆಗಲು ಹಿಡಿದು ಮಾವ. ಅತ್ತೆ ಎಲ್ಲರಿಗಿಂತ ಹಿಂದೆ, ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು.

ಕಚೇರಿಯವರು ಬಂದರು, ವಿಚಾರಿಸಿದರು, ಕೈತಪ್ಪಿ ಆದ ಸಾವು ಎಂದು ಬರೆದುಕೊಂಡರು. ಕೋವಿಯನ್ನು ಒಯ್ದರು. ಅದನ್ನು ಬಿಡಿಸಿ ತರಲು ಯಾರೂ ಹೋಗಲಿಲ್ಲ. ಬೀಗದ ಕೈಯನ್ನು ನಮ್ಮವರು ಚಿಕ್ಕತ್ತೆಯ ಕೈಗೆ ಕೊಟ್ಟರು. ಹೆಂಗಸಿನ ಯಜಮಾನಿಕೆ ಎಲ್ಲಾದರೂ ಉಂಟೇ ಎಂದು ದಾಯಾದಿಗಳು ಮೂಗು ಮುರಿದರು. ಮುರಿಯಲಿ ಎಂದು ಬಿಟ್ಟೆವು. ಚಿಕ್ಕತ್ತೆ ಮಾವನವರನ್ನು ಜಗುಲಿಗೆ ಕೂರಿಸಲಿಲ್ಲ. ಊಟಕ್ಕೆ ಮೊದಲ ಎಲೆ ಕೊನೆಯ ತನಕ ಅವರದೇ ಇತ್ತು. ಆದರೆ ಅತ್ತೆಯ ಜೊತೆ ಮಾತಾಡಲಿಲ್ಲ. ಒಂದೇ ಒಲೆಯ ಎದುರಿಗೆ ಕೂತು ಅಡುಗೆ ಮಾಡುತ್ತಿದ್ದರು, ನಡುವೆ ನನ್ನನ್ನು ಇಟ್ಟುಕೊಂಡು.

ಅತ್ತೆ ಮಾವನವರನ್ನು ಮತ್ತೆ ಮುಟ್ಟಲಿಲ್ಲ. ಎಲ್ಲ ಸೇವೆ ಮಾಡಿದರು. ನೀರು ಕಾಯಿಸಿದರು, ಪಂಚೆ ಒಗೆದರು, ಅನ್ನ ಬಡಿಸಿದರು. ಮೈಗೆ ಮಾತ್ರ ಕೈ ತಾಗಿಸಲಿಲ್ಲ. ಬಾವಿಗೆ ಹೋಗುವಾಗ ಒಂದು ಮಾರು ಪಕ್ಕಕ್ಕೆ ನಡೆಯುತ್ತ ಬಾಯಲ್ಲೇ ದಾರಿ ಹೇಳುತ್ತಿದ್ದರು. ಗೊಣಗಾಟದ ಸೋಗು ಈಗ ಬೇಕಿರಲಿಲ್ಲ. "ಹೊಸ್ತಿಲು." "ಮೆಟ್ಲು ಒದ್ದೆ ಇದೆ." "ಎಡಕ್ಕೆ ಬನ್ನಿ." ಅಷ್ಟೇ, ಬರಿಯ ಮಾತು. ಊರಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಅವರ ಹಳೆಯ ಗೊಣಗಾಟವನ್ನು ಇನ್ನೊಮ್ಮೆ ಕೇಳಲು ನಾನು ಏನು ಬೇಕಾದರೂ ಕೊಡುತ್ತಿದ್ದೆ.

ಮಾವ ಆಮೇಲೂ ಬಹಳ ವರ್ಷ ಬದುಕಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ಅವರು ಬಾವಿಗೆ ಹೋಗುವುದನ್ನು ದಿನಾ ನೋಡುತ್ತಿದ್ದೆ. ಬಲಗೈಯಲ್ಲಿ ಕೋಲು. ಹೆಂಡತಿಯ ಮಾತು ಬಂದ ಕಡೆಗೆ ಕಿವಿ. ಎಡ ಮೊಣಕೈ ಮಾತ್ರ, ಒಂದು ಕೈ ಹಿಡಿಯುವಷ್ಟು, ಮೈಯಿಂದ ಕೊಂಚ ಆಚೆಗೆ ಇರುತ್ತಿತ್ತು.